ಮುಟ್ಟದೆ ಪಳಗಿಸಿದ ಎದುರುಮನೆ ಆಂಟಿ

ತಲೆಗೆ ಸುತ್ತಿದ ಗುಲಾಬಿ ಬಣ್ಣದ ಸ್ಕಾರ್ಫಿನ ಮೇಲೆ ಮಗನ ಬೈಕಿನ ಕಪ್ಪು ಹೆಲ್ಮೆಟ್ಟು, ಮೈಮೇಲೆ ಮೊಣಕಾಲಿನವರೆಗೂ ಇಳಿದ ಹಳದಿ ರೇನ್‌ಕೋಟು, ಕೈಯಲ್ಲಿ ಬಿಚ್ಚಿದ ಕೊಡೆ. ಹೊರಗೆ ಮಳೆ ಸುರಿಯುತ್ತಿದ್ದದ್ದು ನಿಜ. ಆದರೆ ಅವರು ಕೂತಿದ್ದದ್ದು ತಮ್ಮ ಫ್ಲ್ಯಾಟಿನ ಬಾಗಿಲಿಗಿದ್ದ ಕಬ್ಬಿಣದ ಗೇಟಿನ ಒಳಗಡೆ, ಒಂದು ಹನಿಯೂ ಬೀಳದ ಜಾಗದಲ್ಲಿ, ಕೆಂಪು ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಕಾರಿಡಾರಿನ ಈಚೆ ನಮ್ಮ ಹೊಸ್ತಿಲಲ್ಲಿದ್ದ ಮೂರು ತಿಂಗಳ ನಾಯಿಮರಿ ಬೊಗಳಲೆಂದು ತೆರೆದ ಬಾಯನ್ನು ಹಾಗೇ ತೆರೆದುಕೊಂಡು ನಿಂತುಬಿಟ್ಟಿತು. “ನೋಡು, ಚೆನ್ನಾಗಿ ನೋಡು,” ಎಂದರು ಹೆಲ್ಮೆಟ್ಟಿನೊಳಗಿಂದ ಎದುರುಮನೆ ಆಂಟಿ. ಅವರಿಗಾಗ ಅರವತ್ತೆಂಟು ವರ್ಷ.

ಸಿಂಗಪುರದ ಟ್ಯಾಂಪಿನೀಸಿನ ನಮ್ಮ ಬ್ಲಾಕಿನಲ್ಲಿ ಆ ಹೊತ್ತಿಗೆ ಏಳು ವರ್ಷದಿಂದ ಅವರ ಬಾಗಿಲಿಗೆ ಎದುರಾಗಿಯೇ ಇದ್ದೆವು. ಆಂಟಿ ಮಲಯ್ ಮುಸ್ಲಿಮರು, ಗಂಡ ತೀರಿಕೊಂಡಿದ್ದರು, ಮಗನೊಂದಿಗೆ ಇದ್ದರು. ಮೂವತ್ತು ವರ್ಷ ಶಾಲೆಯೊಂದರ ಕ್ಯಾಂಟೀನಿನಲ್ಲಿ ಮಕ್ಕಳಿಗೆ ನೂಡಲ್ಸ್ ಬಡಿಸಿದವರಾದ್ದರಿಂದ ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಲೇ ಇರಲಿಲ್ಲ. ನಲವತ್ತೆರಡರ ನನ್ನನ್ನು ‘ಗರ್ಲ್’ ಎಂದು ಕರೆಯುತ್ತಿದ್ದರು. ಆಡುತ್ತಿದ್ದದ್ದು ಇಲ್ಲಿಯ ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಅವರ ಮಾತೆಲ್ಲ ಹೇಗೋ ಕನ್ನಡದಲ್ಲೇ ಉಳಿದುಕೊಂಡಿದೆ, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಒಂದನ್ನು ಬಿಟ್ಟು.

ಮರಿಯ ಹೆಸರು ಹುರುಳಿ, ಬಣ್ಣವೂ ಅದೇ. ಅನಾಥ ನಾಯಿಗಳ ಶೆಲ್ಟರಿನಿಂದ ತಂದದ್ದು. ನಮಗಿಂತ ಮೊದಲು ಒಂದು ಮನೆಯವರು ಅವನನ್ನು ಒಯ್ದು, ಹತ್ತೇ ದಿನಕ್ಕೆ ವಾಪಸು ತಂದುಬಿಟ್ಟಿದ್ದರಂತೆ. ಅದನ್ನು ಕೇಳಿಯೇ ನಾನು ಅವನನ್ನು ಎತ್ತಿಕೊಂಡಿದ್ದು. ನಾಲ್ಕು ತಿಂಗಳು ತುಂಬುವುದರೊಳಗೆ ಹೊಸ ಜನ, ಹೊಸ ಸದ್ದು ಎಲ್ಲ ಅಭ್ಯಾಸವಾಗಬೇಕು, ಆಮೇಲೆ ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ಆದರೆ ಬಂದದ್ದು ಡಿಸೆಂಬರು. ಸಿಂಗಪುರಕ್ಕೆ ಚಳಿಗಾಲವೆಂದರೆ ಈ ಮಳೆಯೇ. ಇಪ್ಪತ್ಮೂರು ಡಿಗ್ರಿಗೆ ಇಳಿದರೆ ಸಾಕು, ಎಂಆರ್‌ಟಿ ರೈಲಿನ ತುಂಬ ಸ್ವೆಟರುಗಳು. ಪಾರ್ಕು ಕೆಸರಾಗಿತ್ತು, ಮರಿಯ ಇಂಜೆಕ್ಷನ್ನುಗಳು ಮುಗಿದಿರಲಿಲ್ಲ, ಹೊರಗೆ ನೆಲಕ್ಕೆ ಬಿಡುವ ಹಾಗಿರಲಿಲ್ಲ. ಹೀಗಾಗಿ ಹುರುಳಿಗೆ ಗೊತ್ತಿದ್ದ ಮನುಷ್ಯರು ಇಬ್ಬರೇ, ನಾನು ಮತ್ತು ನನ್ನ ಗಂಡ.

ಮೂರನೆಯವರಾಗಿ ಆಂಟಿಯಾದರೂ ಗೊತ್ತಾಗಬಹುದಿತ್ತು. ಅಲ್ಲೇ ನಾನು ಎಡವಿದ್ದು. ಅವರು ನಾಯಿ ಮುಟ್ಟುವವರಲ್ಲ, ನಾಯಿಯ ಎಂಜಲು ತಾಗಿದರೆ ಶುದ್ಧಿ ಮಾಡಿಕೊಳ್ಳಬೇಕು ಎಂದು ಗೊತ್ತಿತ್ತು. ಮೈಸೂರಿನಲ್ಲಿ ಮಡಿಯುಟ್ಟ ಅಜ್ಜಿ ಎದುರಾದರೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತಾ ಬೆಳೆದವಳು ನಾನು. ಇಂಥ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಗೇಟು ಕಿರ್ರೆಂದರೆ ಮರಿಯನ್ನು ಬಾಚಿಕೊಂಡು ಅಡುಗೆಮನೆಗೆ ಓಡುತ್ತಿದ್ದೆ. ಕಾರಿಡಾರನ್ನು ದಿನಕ್ಕೆರಡು ಸಲ ಫಿನಾಯಿಲು ಹಾಕಿ ಒರೆಸುತ್ತಿದ್ದೆ. ಇದೆಲ್ಲ ಭಾರಿ ಮರ್ಯಾದೆಯ ನಡವಳಿಕೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಹುರುಳಿ ಮಾತ್ರ ಗೇಟಿನ ಸದ್ದು ಕೇಳಿದರೆ ಸಾಕು, ಮೈಯೆಲ್ಲ ನಡುಗಿಸಿಕೊಂಡು ಬೊಗಳುತ್ತಿದ್ದ. ಬರಬರುತ್ತಾ ಲಿಫ್ಟಿನ ಸದ್ದಿಗೂ ಬೊಗಳತೊಡಗಿದ.

ಒಂದು ದಿನ ಸರ್ಕಾರಿ ವಸತಿ ಮಂಡಳಿಯಿಂದ ಪತ್ರ ಬಂತು. ಬೊಗಳುವುದರ ಬಗ್ಗೆ ಯಾರೋ ದೂರು ಕೊಟ್ಟಿದ್ದರು. ಮೂರು ವಾರ ಬಿಟ್ಟು ಅಧಿಕಾರಿ ಬಂದು ನೋಡುತ್ತಾರೆ, ಸರಿಹೋಗದಿದ್ದರೆ ನಾಯಿಯನ್ನು ಶೆಲ್ಟರಿಗೆ ಮರಳಿಸಬೇಕಾದೀತು ಎಂದಿತ್ತು.

“ಆಂಟಿನೇ ಕಂಪ್ಲೇಂಟ್ ಮಾಡಿರ್ಬೇಕು ಕಣೆ. ಹೋಗಿ ಸಾರಿ ಹೇಳ್ಬಿಟ್ಟು ಸೆಟಲ್ ಮಾಡ್ಕೊ,” ಎಂದ ನನ್ನ ಗಂಡ.

ಮೈಸೂರ್‌ಪಾಕು ಮಾಡಿ, ಡಬ್ಬಿಗೆ ತುಂಬಿಸಿಕೊಂಡು ಅವರ ಗೇಟಿನ ಮುಂದೆ ನಿಂತೆ. ಹೇಳಬೇಕೆಂದುಕೊಂಡದ್ದೆಲ್ಲ ಕಲಸಿಹೋಗಿ, “ಆಂಟಿ, ಇನ್ನೊಂದು ಸಲ ಕಂಪ್ಲೇಂಟ್ ಮಾಡ್ಬೇಡಿ, ಅವನನ್ನ ವಾಪಸ್ ಕಳಿಸ್ಬೇಕಾಗತ್ತೆ,” ಎಂದು ಅತ್ತೇಬಿಟ್ಟೆ.

ಅವರ ಮುಖ ಕೆಂಪಾಯಿತು. “ನಾನಾ? ನಾನು ಕಂಪ್ಲೇಂಟ್ ಮಾಡೋಳಾಗಿದ್ರೆ ನಿನ್ನ ಮುಖಕ್ಕೇ ಮಾಡ್ತಿದ್ದೆ! ಪತ್ರ ಯಾಕೆ ಬರೀಲಿ ಲಾ?” ಎಂದು ಗದರಿದರು. ನಾನು ಡಬ್ಬಿಯನ್ನು ಮುಂದೆ ಚಾಚಿದೆ. ಅವರು ಡಬ್ಬಿ ಇಸಿದುಕೊಂಡು, ಒಂದು ತುಂಡು ಬಾಯಿಗೆ ಹಾಕಿಕೊಂಡು, ಸ್ವಲ್ಪ ತಣ್ಣಗಾದರು. “ನಾನು ಹೊರಗೆ ಬಂದ್ರೆ ಸಾಕು, ಕಳ್ಳನ್ನ ಬಚ್ಚಿಡೋ ಹಾಗೆ ಅವನನ್ನ ಬಚ್ಚಿಡ್ತೀಯ. ಅವನಿಗೆ ನನ್ನ ಗೇಟ್ ಮಾತ್ರ ಕೇಳ್ಸತ್ತೆ, ನಾನು ಕಾಣೋದೇ ಇಲ್ಲ. ಭಯ ಆಗದೆ ಇನ್ನೇನು?”

“ನೀವು ಮುಟ್ಟಲ್ವಲ್ಲ ಆಂಟಿ, ಅದಕ್ಕೇ...”

“ಮುಟ್ಟಲ್ಲ. ನೋಡಬಾರ್ದು ಅಂತ ಯಾರು ಹೇಳಿದ್ರು? ಮುಟ್ಟೋದು ಬೇಡ ಗರ್ಲ್, ಗುರುತಿದ್ರೆ ಸಾಕು.”

ಮರುದಿನ ಐದು ಗಂಟೆಗೆ, ಪ್ರಾರ್ಥನೆ ಮುಗಿಸಿ ಸ್ಟೂಲು ಎಳೆದುಕೊಂಡು ಗೇಟಿನ ಬಳಿ ಕೂತರು. ನಾನು ನನ್ನ ಹೊಸ್ತಿಲಲ್ಲಿ ಮರಿಯನ್ನು ಹಿಡಿದು ಕೂರಬೇಕು, ಅವನು ಕಾರಿಡಾರು ದಾಟಬಾರದು, ಅವರನ್ನು ನೋಡಿಯೂ ಸುಮ್ಮನಿದ್ದರೆ ಏನಾದರೂ ತಿನ್ನಲು ಕೊಡಬೇಕು, ಇದು ಅವರ ಕಟ್ಟಳೆ. ನಾನು ಪನೀರಿನ ತುಂಡುಗಳನ್ನು ತಂದಿಟ್ಟುಕೊಂಡೆ. “ನಾಯಿನೂ ವೆಜಿಟೇರಿಯನ್ನಾ? ಪಾಪ ಲಾ,” ಎಂದು ನಕ್ಕರು. ಮೊದಲ ದಿನ ಹುರುಳಿ ಇಪ್ಪತ್ತು ನಿಮಿಷ ಕಿವಿ ತೂತಾಗುವಂತೆ ಬೊಗಳಿದ. ಅವರು ಅವನತ್ತ ಕಣ್ಣೆತ್ತದೆ ಬೆಳ್ಳುಳ್ಳಿ ಸುಲಿಯುತ್ತಾ ಕೂತರು. ಕ್ಯಾಂಟೀನಿನಲ್ಲಿ ಅಳುವ ಮಕ್ಕಳ ಮುಂದೆಯೂ ಹೀಗೇ ಕೂರುತ್ತಿದ್ದರಂತೆ. ನೋಡಿದರೆ ಅಳು ಜಾಸ್ತಿಯಾಗುತ್ತದೆ ಎಂಬುದು ಅವರ ಅನುಭವ.

ನಾಲ್ಕನೇ ದಿನ ಹುರುಳಿ ಅವರನ್ನು ನೋಡಿ, ತಿರುಗಿ ನನ್ನ ಕೈಯಲ್ಲಿದ್ದ ಪನೀರು ನೋಡಿದ. ಅವತ್ತಿನಿಂದ ವೇಷಗಳು ಶುರು. ಒಂದು ದಿನ ಹೆಲ್ಮೆಟ್ಟು ಮತ್ತು ರೇನ್‌ಕೋಟು, ಮತ್ತೊಂದು ದಿನ ನಮಾಜಿನ ಬಿಳಿ ನಿಲುವಂಗಿ, ಇನ್ನೊಂದು ದಿನ ಊರುಗೋಲು ಹಿಡಿದ ಕುಂಟು ನಡಿಗೆ. ನಟನೆ ಎಷ್ಟು ಚೆನ್ನಾಗಿತ್ತೆಂದರೆ ಲಿಫ್ಟಿನಿಂದ ಇಳಿದ ಚೀನೀ ತಾತ ಒಬ್ಬರು ಗಾಬರಿಯಾಗಿ ಅವರ ಕೈ ಹಿಡಿಯಲು ಬಂದರು. ತಟ್ಟೆ ಬೀಳಿಸಿದರು, ಪ್ರೆಶರ್ ಕುಕ್ಕರಿನ ಮುಚ್ಚಳ ಬಡಿದರು, ಮಾರ್ಕೆಟ್ಟಿನ ಟ್ರಾಲಿಯನ್ನು ಗಡಗಡ ಎಳೆದಾಡಿದರು. ಒಂದು ಸಲವೂ ಅವನನ್ನು ಮುಟ್ಟಲಿಲ್ಲ. ನಾನೂ ಫಿನಾಯಿಲು ಹಾಕುವುದನ್ನು ದಿನಕ್ಕೆ ಒಂದು ಸಲಕ್ಕೆ ಇಳಿಸಿದೆ. ಆ ಮೂರು ವಾರದಲ್ಲಿ ಅವರ ಬಗ್ಗೆ ತಿಳಿದುಕೊಂಡಷ್ಟನ್ನು ಹಿಂದಿನ ಏಳು ವರ್ಷದಲ್ಲಿ ತಿಳಿದುಕೊಂಡಿರಲಿಲ್ಲ.

ಅಧಿಕಾರಿ ಬಂದ ದಿನ ಜಡಿಮಳೆ. ಹೊಸ್ತಿಲಲ್ಲಿ ನೀರು ಸುರಿಸುವ ರೇನ್‌ಕೋಟು, ದೊಡ್ಡ ಕೊಡೆ, ಮುಖಕ್ಕೆ ಮಾಸ್ಕು. ಹುರುಳಿ ಎದ್ದ. ಆ ಮನುಷ್ಯನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದ. ನಂತರ ನನ್ನ ಕಡೆ ತಿರುಗಿ ಬಾಲ ಆಡಿಸುತ್ತಾ ಕೂತ, ಪನೀರು ಎಲ್ಲಿ ಎನ್ನುವಂತೆ.

ಅಧಿಕಾರಿ ಎದುರುಮನೆಯ ಬೆಲ್ ಒತ್ತಿ, ನಾಯಿಯಿಂದ ತೊಂದರೆ ಇದೆಯಾ ಎಂದು ಕೇಳಿದರು.

“ನಾಯಿಯಿಂದ ಏನೂ ಇಲ್ಲ,” ಎಂದರು ಆಂಟಿ. “ಇವಳ ಮಿಕ್ಸಿ ಇದ್ಯಲ್ಲ, ಬೆಳಿಗ್ಗೆ ಆರು ಗಂಟೆಗೆ ಚಟ್ನಿ ರುಬ್ಬುತ್ತೆ. ಅದನ್ನ ಬೇಕಾದ್ರೆ ಶೆಲ್ಟರಿಗೆ ಕಳಿಸಿ ಲಾ.”

ಅಧಿಕಾರಿಯ ಲಿಫ್ಟು ಇಳಿದದ್ದೇ ತಡ, ನಾನು ಹೊಸ್ತಿಲಲ್ಲೇ ಕುಸಿದು ಕೂತು ಅತ್ತೆ. ಹುರುಳಿ ನನ್ನ ಮುಖವನ್ನೆಲ್ಲ ನೆಕ್ಕಿದ. ಆಂಟಿ ಆಚೆಯಿಂದ “ಛೀ, ಮುಖ ತೊಳ್ಕೊ!” ಎಂದು ಕೂಗಿ, ತಾವೂ ಕಣ್ಣೊರೆಸಿಕೊಂಡರು.

ಆಮೇಲೂ ಎರಡು ವರ್ಷ ಐದು ಗಂಟೆಯ ಬೈಠಕ್ಕು ನಡೆಯಿತು, ಆ ಕಡೆ ಅವರು, ಈ ಕಡೆ ನಾವಿಬ್ಬರು. ಕಳೆದ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್ ದಿನಗಳಲ್ಲಿ ಸ್ಟೂಲು ಖಾಲಿ ಇರುತ್ತಿತ್ತು. ಆಮೇಲೆ ಆಸ್ಪತ್ರೆಗೇ ಸೇರಿಸಿದರು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಎದುರುಮನೆಯ ಮುಂದೆ ಚಪ್ಪಲಿಗಳ ರಾಶಿ.

ಹುರುಳಿಯನ್ನು ಒಳಗೆ ಬಿಟ್ಟು, ತಲೆಗೆ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಹೋದೆ. ಹೋದರೂ ಗೇಟಿನಿಂದ ಎರಡು ಮಾರು ದೂರದಲ್ಲೇ ಗೋಡೆಗೆ ಒರಗಿ ನಿಂತೆ. ಒಳಗೆ ಅವರನ್ನು ಮಲಗಿಸಿದ್ದಾರೆ, ಪ್ರಾರ್ಥನೆ ನಡೆಯುತ್ತಿದೆ. ನಾಯಿ ಇರುವ ಮನೆಯಿಂದ ಬಂದ ನಾನು ಎಲ್ಲಿಯವರೆಗೆ ಹೋಗಬಹುದೋ ತಿಳಿಯಲಿಲ್ಲ. ಊರಿನ ಇನ್ನೊಂದು ತುದಿಯ ಬೂನ್ ಲೇಯಲ್ಲಿರುವ ಅವರ ಮಗಳು, ನಾನು ಎರಡೇ ಸಲ ನೋಡಿದ್ದವರು, ನನ್ನನ್ನು ಕಂಡು ಹೊರಗೆ ಬಂದರು.

“ಒಳಗೆ ಬನ್ನಿ,” ಎಂದರು. “ಅಮ್ಮ ಆಸ್ಪತ್ರೇಲೇ ಹೇಳಿದ್ರು. ಎದುರುಮನೆ ಗರ್ಲ್ ಬರ್ತಾಳೆ, ಬಂದು ಹೊರಗೇ ನಿಂತಿರ್ತಾಳೆ, ಕೈ ಹಿಡಿದು ಒಳಗೆ ಕರ್ಕೊಂಡು ಬಾ, ಅಂತ.”

ಹೇಳಿದ ಹಾಗೆಯೇ ಅವರು ನನ್ನ ಕೈ ಹಿಡಿದುಕೊಂಡರು.