ಆಯುಧಪೂಜೆಗೆ ನಿಂತ ಬ್ಲೋವರ್

ಕೆ.ಆರ್. ಪುರಂನ ಆ ಕಾರ್ಖಾನೆಯಲ್ಲಿ ಕುಲುಮೆಗೆ ಗಾಳಿ ಊದುವ ಬ್ಲೋವರ್ ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮಾತ್ರ ನಿಲ್ಲುತ್ತಿತ್ತು. ತಿರುಗುವ ಯಂತ್ರಗಳ ನಡುಕ ಅಳೆದು ಒಳಗಿನ ರೋಗ ಹೇಳುವುದು ನನ್ನ ಕೆಲಸ. ಅದರ ಫ್ಯಾನ್ ತಿರುಗಿಸುವ ಶಾಫ್ಟಿನಲ್ಲಿ ಬಿರುಕಿದೆಯೆಂದು ನನಗೆ ಮೊದಲೇ ಅನುಮಾನವಿತ್ತು. ಒಮ್ಮೆ ಸುತ್ತುವಷ್ಟರಲ್ಲಿ ಎರಡು ಸಲ ನಡುಗುತ್ತಿತ್ತು, ಆ ನಡುಕ ತಿಂಗಳಿಂದ ತಿಂಗಳಿಗೆ ಏರುತ್ತಲೇ ಇತ್ತು. ವೇಗ ಇಳಿಯುತ್ತ ನಿಲ್ಲುವಾಗ ಅಳೆದರೆ ಖಚಿತವಾಗುತ್ತದೆ, ಒಮ್ಮೆ ನಿಲ್ಲಿಸಿ ಎಂದು ಮ್ಯಾನೇಜರನ್ನು ಗೋಗರೆದಿದ್ದೆ. ಹೇಗೂ ಹಬ್ಬಕ್ಕೆ ನಿಲ್ಲಿಸುತ್ತೇವಲ್ಲ, ಆಗ ಬನ್ನಿ ಎಂದರು. ದೇವರಿಗೆ ಸಿಗುವ ಬಿಡುವು ನಮಗೆಲ್ಲಿ ಸಿಗಬೇಕು?

ಹಬ್ಬದ ಹಿಂದಿನ ದಿನ ಹಲಸೂರಿನಲ್ಲಿ ಮೆಟ್ರೋ ಹತ್ತಿ ಹೋದೆ. ಸ್ವಿಚ್ ಆರಿಸಿದರು. ವೇಗ ಅರ್ಧಕ್ಕೆ ಇಳಿಯುತ್ತಿದ್ದಂತೆ ಶಾಫ್ಟ್ ಮೈಮೇಲೆ ದೇವರು ಬಂದವರಂತೆ ಅದುರಿತು. ಇನ್ನು ಅನುಮಾನ ಉಳಿಯಲಿಲ್ಲ. ಶಾಫ್ಟ್ ಬದಲಿಸದೆ ಚಾಲೂ ಮಾಡಲೇಬೇಡಿ ಎಂದೆ.

“ಪೂಜೆ ಮಾಡಿದ್ ಮಿಷನ್ ಸ್ಟಾರ್ಟ್ ಮಾಡ್ದೇ ಇದ್ರೆ ಅಪಶಕುನ ಮೇಡಂ,” ಎಂದರು ಮ್ಯಾನೇಜರು. “ಓನರ್ ಫ್ಯಾಮಿಲಿ ಸಮೇತ ಬರ್ತಾರೆ.”

ಅವರೊಡನೆ ಜಗಳವನ್ನೇ ಆಡಿದೆ, ನನ್ನ ಆಫೀಸಿಗೂ ಫೋನ್ ಮಾಡಿದೆ. ಕಸ್ಟಮರ್ ಹತ್ತಿರ ಹಾಗೆಲ್ಲ ಮಾತಾಡಬಾರದು ಎಂದು ಬುದ್ಧಿ ಹೇಳಿಸಿಕೊಂಡಿದ್ದಷ್ಟೇ ಲಾಭ. ಕೊನೆಗೆ ಮ್ಯಾನೇಜರ ಎದುರಿಗೇ, ಯಂತ್ರ ನೋಡಿಕೊಳ್ಳುವ ಆಪರೇಟರಿಗೆ ಹೇಳಿದೆ, ಸ್ವಲ್ಪ ದೂರ ನಿಲ್ಲಿ ಎಂದು. ಕಗ್ಗದಾಸಪುರದವರು, ನನ್ನ ಅಣ್ಣನ ವಯಸ್ಸು. ಗಾಳಿ ಹೆಚ್ಚುಕಮ್ಮಿ ಮಾಡೋ ವಾಲ್ವ್ ಇರೋದೇ ಬ್ಲೋವರ್ ಪಕ್ಕದಲ್ಲಿ, ದೂರ ನಿಂತು ಹೇಗೆ ತಿರುಗಿಸಲಿ ಎಂದು ನಕ್ಕರು. ಮರುದಿನ ಬ್ಲೋವರಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಓನರ್ ಕೈಯಿಂದಲೇ ಚಾಲೂ ಮಾಡಿಸಿದರು.

ದೀಪಾವಳಿಯ ಹೊತ್ತಿಗೆ ಶಾಫ್ಟ್ ಮುರಿಯಿತು. ಫ್ಯಾನಿನ ತುಂಡು ಕವಚ ಸೀಳಿಕೊಂಡು ಬಂತು. ವಾಲ್ವ್ ಮೇಲಿದ್ದ ಆಪರೇಟರ ಬಲಗೈ ಹೋಯಿತು.

ಶಿವಾಜಿನಗರದ ಆಸ್ಪತ್ರೆಗೆ ನೋಡಲು ಹೋದೆ. ಅವರಿಗೆ ಔಷಧದ ಮಂಪರು. ವಾರ್ಡಿನ ಹೊರಗೆ ಅವರ ಹೆಂಡತಿ ಕೂತಿದ್ದರು. ಮ್ಯಾನೇಜರು ಬೆಳಿಗ್ಗೆಯೇ ಬಂದು ಹೋಗಿದ್ದರಂತೆ. ಶಾಫ್ಟ್ ಬದಲಿಸಲು ನಾನು ಹೇಳಿದ್ದನ್ನು ಅವರು ಈಕೆಗೆ ಹೇಳಿರಲಿಲ್ಲವೆಂದು ಮಾತಿನಲ್ಲೇ ಗೊತ್ತಾಯಿತು. ನಾನು ಹೇಳಿದ ಇನ್ನೊಂದು ಮಾತನ್ನು ಮಾತ್ರ ಚಾಚೂ ತಪ್ಪದೆ ಒಪ್ಪಿಸಿದ್ದರು. ಶಾಫ್ಟಿನ ವಿಷಯ ಹೇಳಲು ನಾನು ಬಾಯಿ ತೆರೆಯುವ ಮೊದಲೇ ಆಕೆ ನನ್ನ ಕೈ ಹಿಡಿದುಕೊಂಡರು.

“ದೂರ ನಿಂತ್ಕೊಳಿ ಅಂತ ನೀವು ಅಷ್ಟು ಹೇಳಿದ್ರಂತಲ್ಲ ಮೇಡಂ. ಇವ್ರದ್ದೇ ತಪ್ಪು. ಬೇಜಾರ್ ಮಾಡ್ಕೋಬೇಡಿ.”