ಬೀಜಕ್ಕೆ ಇಟ್ಟ ಕುಂಬಳಕಾಯಿ

ಖಾನಾಪುರದ ಒಂದು ಹೊಲದಿಂದ ಬೆಳಗಾವಿಯ ನಮ್ಮ ಮನೆಗೆ ವಾರಕ್ಕೊಮ್ಮೆ ತರಕಾರಿಯ ಬುಟ್ಟಿ ಬರುತ್ತದೆ. ಹಂಗಾಮಿನಲ್ಲಿ ಬೆಳೆದದ್ದನ್ನು ಹೊಲದವರು ಕಳಿಸುತ್ತಾರೆ. ಬಂದದ್ದರಲ್ಲಿ ಏನನ್ನೂ ಎಸೆಯಬಾರದೆಂಬುದು ನನ್ನ ನಿಯಮ. ಕಳೆದ ಸಲದ ಕುಂಬಳಕಾಯಿಯ ತಿರುಳು ಗಾರಿಗೆಯಾಯಿತು, ಸಿಪ್ಪೆ ಚಟ್ನಿಯಾಯಿತು. ಒಣಗಿದ ಬೀಜಗಳನ್ನು ಸೂಜಿಯಿಂದ ಚುಚ್ಚಿ ಬಾಗಿಲಿಗೆ ತೋರಣ ಪೋಣಿಸುತ್ತಿದ್ದಾಗ ಹೊಲದ ಒಡತಿಯೇ ಬಂದು ನಿಂತಳು.

“ಅಕ್ಕಾರ, ಕುಂಬಳಕಾಯಿ ಇನ್ನೂ ಹೆಚ್ಚಿಲ್ಲ ಹೌದಿಲ್ರಿ? ಬೀಜಕ್ಕಂತ ಬಾಜುಕ ಇಟ್ಟಿದ್ದೆ. ಆ ಜಾತಿದು ಅದೊಂದ ಉಳದಿತ್ತು. ನಮ್ಮ ಮನ್ಯಾವ್ರು ನೋಡದ ಬುಟ್ಟಿಗೆ ಹಾಕ್ಯಾರ.”

ನಾನು ತೋರಣ ತೋರಿಸಿದೆ. ಅವಳು ನೆಲದ ಮೇಲೆ ಕುಳಿತು, ಇನ್ನೂ ಚುಚ್ಚದ ಬೀಜಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಕಟ್ಟಿಕೊಂಡಳು. ಒಂದು ಹಿಡಿಯಷ್ಟು ಸಿಕ್ಕವು.

“ಸಾಕ್ರಿ, ಜಾತಿ ಉಳೀತೈತಿ,” ಎಂದು ಉಸಿರುಬಿಟ್ಟಳು.

ಆದರೂ ಶಿಸ್ತಿನ ಮಾತನ್ನು ಹೇಳಲೇಬೇಕಿತ್ತು. “ಬೀಜಕ್ಕ ಇಟ್ಟ ಕಾಯಿಗೆ ಗುರ್ತು ಕಟ್ಟಬೇಕವಾ.”

“ಕಟ್ಟಿದ್ದೆರೀ. ತೊಟ್ಟಿಗೆ ಕೆಂಪು ದಾರ ಸುತ್ತಿ ಸುತ್ತಿ ಕಟ್ಟಿದ್ದೆ,” ಎಂದವಳು ನನ್ನ ಕೈಯಲ್ಲಿನ ತೋರಣವನ್ನು ಮುಟ್ಟಿ ನೋಡಿದಳು. “ಇದರಾಗ ಪೋಣಿಸೀರಲ್ರಿ, ಇದ ದಾರ. ಗಟ್ಟಿ ಐತೇನ್ರಿ?”

ಗಟ್ಟಿಯಾಗಿಯೇ ಇತ್ತು. ಚಹಾ ಇಡಲು ಒಳಗೆ ಹೋದೆ.