ದೀಪ ಹಚ್ಚಿದ ಮೇಲಿನ ನಿಪ್ಪಾಣಿ

ಅತ್ತೆಯ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕಪ್ಪು. ಹೊಗೆಸೊಪ್ಪು ಸುಟ್ಟು ಮಾಡಿದ ಮಿಶ್ರಿಯನ್ನು ದಿನಕ್ಕೆ ನಾಲ್ಕು ಸಲ ಹಲ್ಲಿಗೆ ತಿಕ್ಕುವ ಬೆರಳು ಅದು. ಸಂಜೆ ದೀಪ ಹಚ್ಚಿದೊಡನೆ ಅದನ್ನೇ ಮುಂಬಾಗಿಲ ಕಡೆ ತೋರಿಸಿ, "ಚಿಲಕಾ ಹಾಕ. ಹೆಣ್ಮಕ್ಕಳ ಊರು ಇಲ್ಲಿಗಿ ಮುಗೀತು" ಎನ್ನುತ್ತಿದ್ದಳು. ಆಕೆ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವಳು. ಹೀಗಾಗಿ ನಿಪ್ಪಾಣಿಯಲ್ಲೇ ಬೆಳೆದರೂ ನನಗೆ ಗೊತ್ತಿದ್ದದ್ದು ಹಗಲಿನ ನಿಪ್ಪಾಣಿ ಮಾತ್ರ.

ಮಿರಜದಲ್ಲಿ ನರ್ಸಿಂಗ್ ಕಲಿತು, ಅಲ್ಲೇ ಕೆಲವು ವರ್ಷ ದುಡಿದು, ತೊಂಬತ್ತರ ದಶಕದ ಮೊದಲಲ್ಲಿ ಊರಿನದೇ ಒಂದು ಸಣ್ಣ ಆಸ್ಪತ್ರೆಗೆ ಬಂದೆ. ರಾತ್ರಿ ಪಾಳಿ. ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ: "ರಾತ್ರಿ ಒಬ್ಬಾಕಿನ ಹೋಗೂದಿದ್ರ ನೌಕರಿ ಬಿಡು." ನೌಕರಿ ಬಿಟ್ಟರೆ ಮತ್ತೆ ಆ ಮನೆಯೊಳಗೇ ಸೇರಿಹೋಗುತ್ತೇನೆಂಬ ಭಯ ನನಗೆ.

"ನಾ ಬಿಟ್ಟ ಬರ್ತೇನೇಳು. ಅಲ್ಲೇ ವರಾಂಡಾದಾಗ ಮಲಗಿ ಬೆಳಿಗ್ಗಿ ಕರಕೊಂಡ ಬರ್ತೇನಿ" ಎಂದಳು ಅತ್ತೆ, ಬೇಸರದ ಮುಖ ಮಾಡಿಕೊಂಡು.

ಮೊದಲ ರಾತ್ರಿ ಅವಳಿಗೆ ಅಂಟಿಕೊಂಡೇ ನಡೆದೆ. ಯಾವ ಓಣಿಯಲ್ಲಿ ನಾಯಿ, ಯಾವ ಕಂಬದಲ್ಲಿ ದೀಪವಿಲ್ಲ, ಎಲ್ಲ ಅವಳಿಗೆ ಬಾಯಿಪಾಠ. ಹಗಲು ಬಟ್ಟೆ ಮಾರುವ ಕಟ್ಟೆಯ ಮೇಲೆ ಮಿರ್ಚಿ ಭಜಿ ಕರಿಯುತ್ತಿದ್ದರು. ಹೊಗೆಸೊಪ್ಪು ತುಂಬಿಡುವ ಗೋದಾಮಿನಿಂದ, ಅಂದರೆ ವಖಾರಿನಿಂದ, ಕೆಲಸ ಮುಗಿಸಿದ ಹೆಂಗಸರು ಸೀನುತ್ತ, ನಗುತ್ತ ಗುಂಪಾಗಿ ಹೊರಬರುತ್ತಿದ್ದರು. ರಾತ್ರಿಯ ಊರಿನಲ್ಲಿ ಇಷ್ಟು ಹೆಂಗಸರಿದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಭಜಿಯವನು ಅತ್ತೆಯನ್ನು ಕಂಡು, "ಯಾ ಕಾಕೂ, ಬರ್ರಿ! ಇವತ್ತ ಗುರುವಾರ ಅಲ್ಲಲ್ರಿ?" ಎಂದ.

"ಗುರುವಾರ ಏನೈತಿ ಅತ್ತಿ?"

ಅತ್ತೆ ಬಿಸಿ ಭಜಿಯನ್ನು ಊದುತ್ತ ಹೇಳಿದಳು: "ಶುಕ್ರವಾರ ಸಿನಿಮಾ ಬದಲಾಗ್ತೈತಿ. ಗುರುವಾರ ಎರಡನೇ ಆಟಕ್ಕ ಮಂದಿ ಕಡಿಮಿ. ನಿಮ್ಮಪ್ಪ ಒಂಬತ್ತಕ್ಕ ಮಲಗಾಂವ. ಮುಂದಿನ ಬಾಗಲಾ ನಿಮಗ, ಹಿಂದಿನ ಬಾಗಲಾ ನನಗ."

ನಾನು ಶಾಲೆಗೆ ಹೋಗುವಾಗಿನಿಂದ ನಡೆದಿತ್ತಂತೆ ಇದು. ನನಗೆ ಮೈಯೆಲ್ಲ ಉರಿಯಿತು.

"ಮತ್ತ ನನ್ನ ಯಾಕ ಒಳಗ ಹಾಕಿದಿ?"

"ಒಬ್ಬಾಕಿ ಹೋದ್ರ ಕಳವು, ಇಬ್ಬರು ಹೋದ್ರ ಮೆರವಣಿಗಿ. ಸಿಕ್ಕಬೀಳ್ತಿದ್ವಿ."

ಆ ಸಿಟ್ಟು ಇಂದಿಗೂ ಸ್ವಲ್ಪ ಉಳಿದಿದೆ.

ಆಮೇಲೆ ದಿನವೂ ಭಜಿಯವನಿಗೆ, ವಖಾರಿನ ಹೆಂಗಸರಿಗೆ, ಟಾಕೀಜಿನ ಗೇಟಿನವನಿಗೆ ನನ್ನನ್ನು ತೋರಿಸಿ, "ಇಕಿ ನಮ್ಮ ಹುಡುಗಿ. ನಾ ಇಲ್ಲದಾಗ ನೋಡ್ಕೋರಿ" ಎನ್ನುತ್ತಿದ್ದಳು. ನನ್ನನ್ನು ಆಸ್ಪತ್ರೆಗೆ ಬಿಟ್ಟು, ಈಗ ವಾರಕ್ಕೆ ಎರಡು ಆಟ ನೋಡಿ, ವರಾಂಡಕ್ಕೆ ಬಂದು ಗೊರಕೆ ಹೊಡೆಯುತ್ತಿದ್ದಳು. ಬೆಳಿಗ್ಗೆ ಅಪ್ಪ, "ಪಾಪ, ಅಕ್ಕ ನಿದ್ದಿಗೆಟ್ಟಾಳ" ಎಂದು ಮೊದಲ ಕಪ್ ಚಹಾ ಅವಳಿಗೇ ಕೊಡುವನು. ಅವಳು ನನ್ನ ಕಡೆ ನೋಡದೆ ಕುಡಿಯುವಳು.

ಮೂರು ವರ್ಷ ಹೀಗೆ ನಡೆಯಿತು. ಒಂದು ಮಧ್ಯಾಹ್ನ ಎದೆನೋವೆಂದು ಮಲಗಿದವಳು ಏಳಲಿಲ್ಲ. ದಿನಕರ್ಮ ಮುಗಿದ ಮೇಲೆ ಅಪ್ಪ ಹಳೆಯ ಮಾತನ್ನೇ ಎತ್ತಿದ: "ಇನ್ನ ಯಾರು ಕರಕೊಂಡ ಹೋಗಾವ್ರು? ನೌಕರಿ ಸಾಕು."

"ಇವತ್ತೊಂದ ದಿನಾ ನೀನ ಬಾ" ಎಂದೆ.

ಅಪ್ಪ ಬ್ಯಾಟರಿ ಹಿಡಿದು ಬಂದ. ಭಜಿಯವನು ನಮ್ಮನ್ನು ಕಂಡು ಒಲೆ ಬಿಟ್ಟು ಎದ್ದು ಬಂದ. ವಖಾರಿನ ಹೆಂಗಸರು ನನ್ನ ಕೈ ಹಿಡಿದು, "ನಿಮ್ಮತ್ತಿ ಭಾಳ ನಗಸ್ತಿದ್ರವ್ವಾ" ಎಂದು ಅತ್ತರು. ಗೇಟಿನವನು ಅಪ್ಪನಿಗೆ ಕೈಮುಗಿದು, "ಈ ಗುರುವಾರ ಕಾಕೂನ ಖುರ್ಚಿ ಯಾರಿಗೂ ಕೊಡಲಿಲ್ರಿ" ಎಂದ.

ಅಪ್ಪ ಬ್ಯಾಟರಿ ಆರಿಸಿದ. "ಎಷ್ಟ ವರ್ಷಾ?" ಎಂದು ಕೇಳಿದ. ಹೇಳಿದೆ. ಆರಿದ ಬ್ಯಾಟರಿ ಹಿಡಿದೇ ಆಸ್ಪತ್ರೆಯವರೆಗೆ ನಡೆದ. ಮೆಟ್ಟಿಲ ಹತ್ತಿರ ನಿಂತು, "ನನಗೊಮ್ಮಿ ಹೇಳಬೇಕಿತ್ತ ಆಕಿ" ಎಂದ. ಮತ್ತೆ ತಾನೇ, "ಹೇಳಿದ್ರ ಬ್ಯಾಡ ಅಂತಿದ್ದೆ" ಎಂದ.

ಹೊರಟವನು ತಿರುಗಿ ನೋಡಿ, "ನಾಳಿಂದ ನೀ ಒಬ್ಬಾಕಿನ ಬಾ. ಇಷ್ಟ ಮಂದಿ ಅದಾರ" ಎಂದ.

ಆ ದಾರಿಯಲ್ಲಿ ಒಬ್ಬಳೇ ನಡೆದು, ನಿವೃತ್ತಿಯಾಗುವವರೆಗೂ ನೌಕರಿ ಮಾಡಿದೆ.